ರಕ್ತದ್ರವದೊಳಗಿನ ಅಲ್ಪಾಂಶದ ಶೋಧ

ರಕ್ತದ ದ್ರವಭಾಗದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಪ್ರತಿ ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂನಷ್ಟು ತುಂಬಿರುವಲ್ಲಿ, ಉಪವಾಸದಲ್ಲಿರುವ ಮನುಷ್ಯನ ಇನ್ಸುಲಿನ್ ಅದರ ಕೋಟ್ಯಂಶಕ್ಕಿಂತಲೂ ಕಡಿಮೆಯಾಗಿರುವುದರಿಂದ, ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿಯೂ ಅದರ ಪ್ರಮಾಣವನ್ನು, ಇಲಿಯ ಸ್ನಾಯುವಿನ ತುಣುಕೊಂದು ಹೀರಿಕೊಳ್ಳುವ ಸಕ್ಕರೆಯಂತಹ ಪರೋಕ್ಷ ಲಕ್ಷಣಗಳಿಂದ ಊಹಿಸಬೇಕಾಗಿತ್ತು.

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಭೌತವಿಜ್ಞಾನಿ ರೊಸಾಲಿನ್ ಯಾಲೋ ಹಾಗೂ ವೈದ್ಯ ಸಾಲೊಮನ್ ಬರ್ಸನ್ ಈ ಕೊರತೆಯನ್ನು ನೀಗಿದ ಬಗೆ ವಿಲಕ್ಷಣವಾದುದು. ವಿಕಿರಣಶೀಲ ಅಯೋಡಿನ್ನಿನಿಂದ ಗುರುತು ಮಾಡಿದ ಇನ್ಸುಲಿನ್ನನ್ನು ಗಿನಿಯಿಲಿಗಳಲ್ಲಿ ಬೆಳೆಸಿದ ಪ್ರತಿಕಾಯಗಳೊಡನೆ ಬೆರೆಸಿ, ಅದಕ್ಕೆ ರೋಗಿಯ ರಕ್ತದ್ರವವನ್ನು ಕೂಡಿಸಿದರೆ, ಅದರಲ್ಲಿನ ಸಹಜ ಇನ್ಸುಲಿನ್ ಪರಿಮಿತವಾದ ಆ ಪ್ರತಿಕಾಯಗಳಿಗಾಗಿ ಸ್ಪರ್ಧಿಸುವುದು. ಬಳಿಕ ಪ್ರತಿಕಾಯಕ್ಕಂಟಿದುದನ್ನೂ ಅಂಟದೆ ಉಳಿದುದನ್ನೂ ಕಾಗದದ ಪಟ್ಟಿಯ ಮೇಲೆ ವಿದ್ಯುತ್ತಿನ ನೆರವಿನಿಂದ ಬೇರ್ಪಡಿಸಿ ವಿಕಿರಣವನ್ನು ಎಣಿಸಿದಲ್ಲಿ, ಬಂಧಿತವಾದ ವಿಕಿರಣ ತಗ್ಗಿದಷ್ಟೂ ರೋಗಿಯ ಇನ್ಸುಲಿನ್ ಹೆಚ್ಚೆಂದು ತಿಳಿಯುವುದು.

1960ರಲ್ಲಿ ಸವಿಸ್ತಾರವಾಗಿ ಪ್ರಕಟವಾದ ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಬರ್ಸನ್ 1972ರಲ್ಲಿಯೇ ತೀರಿಕೊಂಡುದರಿಂದ 1977ರ ನೊಬೆಲ್ ಗೌರವವು ಇವರಿಬ್ಬರಲ್ಲಿ ಯಾಲೋ ಅವರಿಗೆ ಮಾತ್ರ ಸಂದಿತು. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ವಿಕಿರಣದ ಸ್ಥಾನದಲ್ಲಿ ಕಿಣ್ವವನ್ನಿರಿಸಿ ಎಲೈಸಾ ಪರೀಕ್ಷೆಯನ್ನು ರೂಪಿಸಿದ ಮೇಲೆ, ರೋಗಸೂಚಕವಾದ ಅಲ್ಪಾಂಶಗಳ ಅನ್ವೇಷಣೆಯು ವಿಕಿರಣದ ಹಂಗಿಲ್ಲದ ಸಾಮಾನ್ಯ ಪ್ರಯೋಗಶಾಲೆಗಳಿಗೂ ಎಟುಕಿತು.