ಮನೆತನದ ಗದ್ದೆಯಿಂದ ಸಮಿತಿಯ ಕರೆಗೆ

ಪುತ್ತೂರು ಬಳಿಯ ಪಡುಮಲೆಯ ಅವಳಿ ವೀರರಾದ ಕೋಟಿ-ಚೆನ್ನಯರಿಗೂ ಬುದ್ಯಂತನಿಗೂ ಹಗೆ ಬಲಿತದ್ದು ಗದ್ದೆ ಮತ್ತು ಅದರ ನೀರಿನ ಜಗಳದಲ್ಲಿ ಎನ್ನುತ್ತವೆ ತುಳು ಪಾಡ್ದನಗಳು. ತುಳುನಾಡಿನಲ್ಲಿ ಗದ್ದೆ ಯಾರದ್ದು ಎಂಬುದು ಅನ್ನದ ಪ್ರಶ್ನೆ ಮಾತ್ರವಲ್ಲ, ಆಟದ ಪ್ರಶ್ನೆಯೂ ಹೌದು. ಕಂಬಳದ ಇತಿಹಾಸವೇ ಇದಕ್ಕೆ ಸಾಕ್ಷಿ.

ಹಿಂದೆ ಕಂಬಳಗದ್ದೆ ಗುತ್ತು-ಬೀಡುಗಳ ಸೊತ್ತಾಗಿತ್ತು. ದಿನ ನಿಗದಿಪಡಿಸುವುದು, ಕೋಣ ಸಾಕುವುದು, ಬಂದವರಿಗೆ ಊಟ ಹಾಕುವುದು ಎಲ್ಲವೂ ಆ ಮನೆತನದ ಹೊಣೆ, ಗೌರವವೂ ಅದರದೇ. ಊರಿನವರು ಒಕ್ಕಲುಗಳಾಗಿ, ಕೆಲಸದವರಾಗಿ ಬರುತ್ತಿದ್ದರು. ಈ ವೈಭವಕ್ಕೆ ಕರಾಳ ಮುಖವೂ ಇತ್ತು. ಕೋಣಗಳನ್ನು ಇಳಿಸುವ ಮುನ್ನ ಕೊರಗರನ್ನು ಕೆಸರಿನಲ್ಲಿ ಓಡಿಸುವ ಪದ್ಧತಿ ಕೆಲವೆಡೆ ಇತ್ತು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಇಂಥ ಆಚರಣೆಗಳನ್ನು ರಾಜ್ಯ ಸರ್ಕಾರ 2000ದ ಅಜಲು ಪದ್ಧತಿ ನಿಷೇಧ ಕಾಯ್ದೆಯ ಮೂಲಕ ಅಪರಾಧವೆಂದು ಸಾರಿತು.

ಬದಲಾವಣೆಯ ಗಾಳಿ ಅದಕ್ಕೂ ಮೊದಲೇ ಬೀಸಿತ್ತು. 1969-70ರ ವೇಳೆಗೆ ಕಾರ್ಕಳ ಬಳಿಯ ಬಜಗೋಳಿಯಲ್ಲಿ ಲವ-ಕುಶ ಹೆಸರಿನ ಜೋಡುಕರೆ ಕಂಬಳ ನಡೆಯಿತು. ಎರಡು ಓಟದ ಹಾದಿಗಳಿಗೆ ಒಂದೊಂದು ಹೆಸರಿಟ್ಟು ಸ್ಪರ್ಧೆ ನಡೆಸುವ ಕ್ರಮ ಹಬ್ಬಿತು. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ಕೊನೆಗೊಳಿಸಿದಾಗ, ಗೇಣಿಯ ಅಕ್ಕಿಯಿಂದ ಕಂಬಳ ನಡೆಸುತ್ತಿದ್ದ ಅನೇಕ ಮನೆತನಗಳಿಗೆ ಆ ಖರ್ಚು ಹೊರಲಾಗದ ಹೊರೆಯಾಯಿತು. ಉಳಿದ ದಾರಿ ಒಂದೇ: ಊರಿನವರೇ ಸಮಿತಿ ಕಟ್ಟಿ ಆಟವನ್ನು ವಹಿಸಿಕೊಳ್ಳುವುದು.

ಪುತ್ತೂರಿನಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳ ಇಂಥ ವ್ಯವಸ್ಥೆಯ ಮಾದರಿ. ಗದ್ದೆ ದೇವರದು, ಆಟ ಊರಿನದು. ಕರೆಯನ್ನು ಹದಗೊಳಿಸುವುದು, ದೇಣಿಗೆ ಸಂಗ್ರಹಿಸುವುದು, ತೀರ್ಪುಗಾರರನ್ನು ಕರೆಸುವುದು, ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ವಿಭಾಗಗಳ ಓಟ ನಡೆಸುವುದು ಸಮಿತಿಯ ಕೆಲಸ. ಊರೂರುಗಳ ಕಂಬಳ ಒಂದೇ ದಿನ ಬೀಳದಂತೆ ನೋಡಿಕೊಳ್ಳಲು ಜಿಲ್ಲಾ ಸಮಿತಿಯೂ ಉಂಟು.

ಈ ಸಂಘಟನೆಯ ಬಲ ಗೊತ್ತಾದದ್ದು ಕಷ್ಟಕಾಲದಲ್ಲಿ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿದ ಬಳಿಕ ಕಂಬಳವೂ ಕಾನೂನಿನ ತೊಡಕಿಗೆ ಸಿಕ್ಕಿತು. ಪ್ರಾಣಿಹಿಂಸೆಯ ಆಕ್ಷೇಪ ಸುಳ್ಳೇನಲ್ಲ. ಬೆತ್ತದ ಏಟು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. 2017ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಇಂದು ಕೋಣಗಳಿಗೆ ಹಿಂಸೆಯಾಗದಂತೆ ನೋಡಿಕೊಳ್ಳುವ ಹೊಣೆಯೂ ಸಮಿತಿಗಳ ಮೇಲಿದೆ.

ಪುತ್ತೂರು, ಸುಳ್ಯ ಮತ್ತು ಇವೆರಡರ ಹಳ್ಳಿಗಳನ್ನು ಸೇರಿಸಿ ಈಚೆಗೆ ರಚಿಸಿದ ಕಡಬ ತಾಲ್ಲೂಕಿನಲ್ಲಿ ಯುವಕ ಮಂಡಲಗಳ ಕಬಡ್ಡಿ, ವಾಲಿಬಾಲ್, ಕೆಸರುಗದ್ದೆ ಕ್ರೀಡಾಕೂಟಗಳೂ ಇದೇ ಬಗೆಯ ಊರೊಟ್ಟಿನ ದುಡಿಮೆಯಿಂದ ನಡೆಯುತ್ತವೆ. ಆದರೆ ಇಲ್ಲೊಂದು ಕೊರತೆ ಉಳಿದಿದೆ. ಸಮಿತಿಗೆ ಆಟ ಸಿಕ್ಕಿತು, ನೆಲ ಸಿಗಲಿಲ್ಲ. ಬೇಸಾಯದ ಗದ್ದೆಗಳು ಅಡಿಕೆ, ರಬ್ಬರು ತೋಟಗಳಾಗುತ್ತಿವೆ. ದೇವಸ್ಥಾನದ ಅಥವಾ ಶಾಲೆಯ ನೆಲವಿಲ್ಲದ ಊರಿನಲ್ಲಿ ಯಾರಾದರೊಬ್ಬರು ಗದ್ದೆ ಬಿಟ್ಟುಕೊಟ್ಟರಷ್ಟೇ ಕೂಟ. ಪಾಡ್ದನದ ಕಾಲದ ಪ್ರಶ್ನೆ ಇನ್ನೂ ಹಳತಾಗಿಲ್ಲ.