ಕೂಪರ್ ಬ್ಲ್ಯಾಕ್

ಕೂಪರ್ ಬ್ಲ್ಯಾಕ್ ಎಂಬುದು ಲ್ಯಾಟಿನ್ ಲಿಪಿಯ ಒಂದು ಅತಿದಪ್ಪ ಅಕ್ಷರಶೈಲಿ (ಫಾಂಟ್). ಅಮೆರಿಕದ ಅಕ್ಷರ ವಿನ್ಯಾಸಕಾರರಾದ ಆಸ್ವಾಲ್ಡ್ ಬ್ರೂಸ್ ಕೂಪರ್ (1879–1940) ಇದನ್ನು ರೂಪಿಸಿದರು. ಷಿಕಾಗೋ ನಗರದ ಬಾರ್ನ್‌ಹಾರ್ಟ್ ಬ್ರದರ್ಸ್ ಆಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಎರಕದ ಸಂಸ್ಥೆಯು 1922ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಜಾಹೀರಾತು, ಶೀರ್ಷಿಕೆ, ಭಿತ್ತಿಪತ್ರ ಮತ್ತು ನಾಮಫಲಕಗಳಂತಹ ದೊಡ್ಡ ಅಕ್ಷರಗಳ ಬರಹಕ್ಕೆ ಇದು ಬಳಕೆಯಾಗುತ್ತದೆ. ಸೀಸದ ಮೊಳೆಗಳ ಕಾಲದಲ್ಲಿ ಹುಟ್ಟಿದ ಈ ಶೈಲಿಯು ಮುದ್ರಣ ತಂತ್ರಜ್ಞಾನವು ಹಲವು ಬಾರಿ ಬದಲಾದ ನಂತರವೂ ಬಳಕೆಯಲ್ಲಿ ಉಳಿದಿದೆ.

ಹಿನ್ನೆಲೆ

ಕೂಪರ್ ಅವರು ಷಿಕಾಗೋದಲ್ಲಿ ಫ್ರಾಂಕ್ ಹೋಮ್ ಅವರ ಚಿತ್ರಕಲಾ ಶಾಲೆಯಲ್ಲಿ ಕಲಿತರು. ಮುಂದೆ ಪ್ರಸಿದ್ಧ ಅಕ್ಷರ ವಿನ್ಯಾಸಕಾರರೆನಿಸಿದ ಫ್ರೆಡರಿಕ್ ಗೌಡಿ ಅಲ್ಲಿ ಅವರ ಶಿಕ್ಷಕರಾಗಿದ್ದರು. 1904ರಲ್ಲಿ ಫ್ರೆಡ್ ಬರ್ಟ್ಶ್ ಅವರೊಂದಿಗೆ ಸೇರಿ ಕೂಪರ್ ‘ಬರ್ಟ್ಶ್ ಆಂಡ್ ಕೂಪರ್’ ಎಂಬ ಸಂಸ್ಥೆಯನ್ನು ಆರಂಭಿಸಿ, ಜಾಹೀರಾತುಗಳಿಗೆ ಕೈಬರಹದ ಅಕ್ಷರಗಳನ್ನು ರಚಿಸಿಕೊಡುತ್ತಿದ್ದರು. ಈ ಅಕ್ಷರಗಳು ಜನಪ್ರಿಯವಾದುದರಿಂದ ಬಾರ್ನ್‌ಹಾರ್ಟ್ ಸಂಸ್ಥೆಯು ಅವುಗಳನ್ನು ಆಧರಿಸಿದ ಅಚ್ಚುಮೊಳೆಗಳನ್ನು ಹೊರತರಲು ಮುಂದಾಯಿತು. ಮೊದಲಿಗೆ ‘ಕೂಪರ್ ಓಲ್ಡ್ ಸ್ಟೈಲ್’ ಎಂಬ ಸಾಧಾರಣ ದಪ್ಪದ ಶೈಲಿ ಬಂದಿತು. ಅದೇ ಕುಟುಂಬದ ಅತಿದಪ್ಪ ರೂಪವೇ ಕೂಪರ್ ಬ್ಲ್ಯಾಕ್. ನಂತರ ಇದರ ಓರೆ ಅಕ್ಷರಗಳು, ಇಕ್ಕಟ್ಟಾದ ಅಗಲದ ಅಕ್ಷರಗಳು ಹಾಗೂ ಮೈಮೇಲೆ ಬಿಳಿ ಹೊಳಪಿನ ಗೆರೆಯುಳ್ಳ ‘ಕೂಪರ್ ಹೈಲೈಟ್’ ಬಿಡುಗಡೆಯಾದವು.

ವಿನ್ಯಾಸ

ಹತ್ತೊಂಬತ್ತನೆಯ ಶತಮಾನದ ಅನೇಕ ದಪ್ಪ ಅಕ್ಷರಶೈಲಿಗಳಲ್ಲಿ ತೀರ ದಪ್ಪ ಗೆರೆಗಳ ಪಕ್ಕದಲ್ಲಿ ಕೂದಲೆಳೆಯಷ್ಟು ತೆಳುವಾದ ಗೆರೆಗಳಿರುತ್ತಿದ್ದವು. ಸೀಸದ ಮೊಳೆಗಳಲ್ಲಿ ಇಂತಹ ತೆಳು ಗೆರೆಗಳು ಬೇಗ ಸವೆಯುತ್ತವೆ ಅಥವಾ ಮುರಿಯುತ್ತವೆ. ಕೂಪರ್ ಬ್ಲ್ಯಾಕ್‌ನಲ್ಲಿ ದಪ್ಪ ಮತ್ತು ತೆಳು ಗೆರೆಗಳ ನಡುವಿನ ಅಂತರ ಕಡಿಮೆ. ಅಕ್ಷರದ ತುದಿಗಳಲ್ಲಿರುವ ಚಾಚುಗಳು, ಅಂದರೆ ಸೆರಿಫ್‌ಗಳು, ಚೂಪಾಗಿರದೆ ದುಂಡಗಿವೆ. ಆದ್ದರಿಂದ ಶಾಯಿ ಸ್ವಲ್ಪ ಹರಡಿದರೂ, ಕಾಗದ ಒರಟಾಗಿದ್ದರೂ ಅಕ್ಷರದ ಆಕಾರ ಕೆಡುವುದಿಲ್ಲ.

ಸಣ್ಣ ಅಕ್ಷರಗಳ ಒಡಲು ಎತ್ತರವಾಗಿದ್ದು, ಮೇಲಕ್ಕೂ ಕೆಳಕ್ಕೂ ಚಾಚುವ ಭಾಗಗಳು ಗಿಡ್ಡಾಗಿವೆ. ಇದರಿಂದ ಸಾಲುಗಳನ್ನು ಹತ್ತಿರ ಹತ್ತಿರ ಜೋಡಿಸಲು ಸಾಧ್ಯವಾಗುತ್ತದೆ. ಅಕ್ಷರಗಳ ಒಳಗಿನ ಬಿಳಿ ಜಾಗ ಬಹಳ ಕಿರಿದು. ‘ಓ’ ಅಕ್ಷರದ ಒಳಭಾಗವು ಹಿಂದಕ್ಕೆ ವಾಲಿದ ಅಂಡಾಕಾರದಲ್ಲಿದೆ. ಸಣ್ಣ ‘ಐ’ ಮತ್ತು ‘ಜೆ’ ಅಕ್ಷರಗಳ ಮೇಲಿನ ಚುಕ್ಕೆಗಳೂ ಅಂಡಾಕಾರವಾಗಿಯೇ ಇವೆ. ದುಂಡಗಿನ ತಳವುಳ್ಳ ಅಕ್ಷರವನ್ನು ಗೆರೆಯ ಮೇಲೆ ಸರಿಯಾಗಿ ಕೂರಿಸಿದರೆ ಅದು ಕಣ್ಣಿಗೆ ತುಸು ಮೇಲೆ ತೇಲಿದಂತೆ ಕಾಣುತ್ತದೆ. ಈ ದೃಷ್ಟಿಭ್ರಮೆಯನ್ನು ಸರಿಪಡಿಸಲು ಅಂತಹ ಅಕ್ಷರಗಳನ್ನು ಗೆರೆಯಿಂದ ಸ್ವಲ್ಪ ಕೆಳಗಿಳಿಸುವುದು ವಾಡಿಕೆ. ಕೂಪರ್ ಬ್ಲ್ಯಾಕ್‌ನಲ್ಲಿ ಹೆಚ್ಚಿನ ಅಕ್ಷರಗಳ ತಳವೇ ದುಂಡಗಿರುವುದರಿಂದ ಈ ಹೊಂದಾಣಿಕೆಗೆ ವಿಶೇಷ ಮಹತ್ವವಿದೆ.

ಪ್ರಸಾರ ಮತ್ತು ಅನುಕರಣೆ

ಬಿಡುಗಡೆಯಾದ ಕೆಲವೇ ವರ್ಷಗಳಲ್ಲಿ ಈ ಶೈಲಿಯು ಅಮೆರಿಕದ ಜಾಹೀರಾತುಗಳಲ್ಲಿ ವ್ಯಾಪಕವಾಗಿ ಬಳಕೆಯಾಯಿತು. ಸಾಂಪ್ರದಾಯಿಕ ಮುದ್ರಣವನ್ನು ಮೆಚ್ಚುತ್ತಿದ್ದವರು ಇದರ ಗಾಢತೆಯನ್ನು ಟೀಕಿಸಿದರು. ಆದರೆ ಬೇಡಿಕೆಯನ್ನು ಕಂಡ ಪ್ರತಿಸ್ಪರ್ಧಿ ಸಂಸ್ಥೆಗಳು ಇದನ್ನು ಹೋಲುವ ಶೈಲಿಗಳನ್ನು ಹೊರತಂದವು. ಲಡ್ಲೋ ಸಂಸ್ಥೆಯ ‘ಲಡ್ಲೋ ಬ್ಲ್ಯಾಕ್’, ಲೈನೋಟೈಪ್ ಸಂಸ್ಥೆಯ ‘ಪ್ಯಾಬ್ಸ್ಟ್ ಎಕ್ಸ್‌ಟ್ರಾ ಬೋಲ್ಡ್’ ಇವುಗಳಲ್ಲಿ ಸೇರಿವೆ. ಮಾನೋಟೈಪ್ ಸಂಸ್ಥೆಯ ‘ಗೌಡಿ ಹೆವಿಫೇಸ್’ (1925) ಶೈಲಿಯನ್ನು ರೂಪಿಸಿದವರು ಕೂಪರ್ ಅವರ ಶಿಕ್ಷಕರಾಗಿದ್ದ ಗೌಡಿಯವರೇ.

ಇಂತಹ ಅನುಕರಣೆಯನ್ನು ತಡೆಯಲು ವಿನ್ಯಾಸಕಾರರಿಗೆ ಇದ್ದ ದಾರಿಗಳು ಕಡಿಮೆ. ಅಮೆರಿಕದ ಕಾನೂನಿನಲ್ಲಿ ಅಕ್ಷರಗಳ ಆಕಾರಕ್ಕೆ ಕೃತಿಸ್ವಾಮ್ಯದ ರಕ್ಷಣೆಯಿಲ್ಲ. ವಿನ್ಯಾಸ ಪೇಟೆಂಟ್ ಪಡೆಯಲು ಅವಕಾಶವಿದ್ದರೂ ಅದು ಸೀಮಿತ ಅವಧಿಗೆ ಮಾತ್ರ ಅನ್ವಯಿಸುತ್ತದೆ. ಇಂದು ಫಾಂಟಿನ ಗಣಕ ತಂತ್ರಾಂಶಕ್ಕೆ ಹಕ್ಕುಸ್ವಾಮ್ಯ ದೊರೆಯಬಹುದಾದರೂ ಅಕ್ಷರದ ಆಕಾರಕ್ಕೆ ದೊರೆಯುವುದಿಲ್ಲ.

ಬಳಕೆ

ಸೀಸದ ಮೊಳೆಗಳನ್ನು ಜೋಡಿಸುವಾಗ ಪ್ರತಿ ಅಕ್ಷರವೂ ತನ್ನದೇ ಲೋಹದ ತುಂಡಿನ ಮೇಲಿರುವುದರಿಂದ ಅಕ್ಷರಗಳನ್ನು ಒಂದು ಮಿತಿಗಿಂತ ಹತ್ತಿರಕ್ಕೆ ತರಲಾಗುತ್ತಿರಲಿಲ್ಲ. 1960ರ ದಶಕದಲ್ಲಿ ಛಾಯಾ ಅಕ್ಷರಜೋಡಣೆಯೂ, ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳೂ ಪ್ರಚಾರಕ್ಕೆ ಬಂದ ಮೇಲೆ ಅಕ್ಷರಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸುವುದು ಸುಲಭವಾಯಿತು. ದುಂಡಗಿನ ಅಂಚುಗಳ ಕೂಪರ್ ಬ್ಲ್ಯಾಕ್ ಈ ಬಗೆಯ ಜೋಡಣೆಗೆ ಚೆನ್ನಾಗಿ ಒಗ್ಗಿದ್ದರಿಂದ ಅದರ ಬಳಕೆ ಮತ್ತೆ ಹೆಚ್ಚಿತು. ದಿ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ (1966) ಧ್ವನಿಮುದ್ರಿಕೆಯ ಹೊದಿಕೆ ಮತ್ತು ಬಿಬಿಸಿಯ ‘ಡ್ಯಾಡ್ಸ್ ಆರ್ಮಿ’ ಹಾಸ್ಯ ಧಾರಾವಾಹಿಯ ಶೀರ್ಷಿಕೆಗಳು ಈ ಕಾಲದ ಪ್ರಸಿದ್ಧ ಉದಾಹರಣೆಗಳು. 1970ರ ದಶಕದಲ್ಲಿ ಇಸ್ತ್ರಿಯ ಬಿಸಿಯಿಂದ ಟಿ-ಶರ್ಟ್‌ಗಳ ಮೇಲೆ ಅಂಟಿಸುವ ಅಕ್ಷರಗಳಲ್ಲೂ ಈ ಶೈಲಿ ಸಾಮಾನ್ಯವಾಗಿತ್ತು. 1995ರಲ್ಲಿ ಆರಂಭವಾದ ಬ್ರಿಟನ್ನಿನ ಈಜಿಜೆಟ್ ವಿಮಾನಯಾನ ಸಂಸ್ಥೆಯ ಹೆಸರು ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಬಿಳಿಯ ಕೂಪರ್ ಬ್ಲ್ಯಾಕ್ ಅಕ್ಷರಗಳಲ್ಲಿದೆ.

ಮಿತಿಗಳು

ಚಿಕ್ಕ ಗಾತ್ರದಲ್ಲಿ ಅಚ್ಚಾದಾಗ ಅಕ್ಷರಗಳ ಒಳಗಿನ ಕಿರಿದಾದ ಬಿಳಿ ಜಾಗಗಳು ಮುಚ್ಚಿಹೋಗುತ್ತವೆ. ಆದ್ದರಿಂದ ದೀರ್ಘ ಬರಹಕ್ಕೆ ಈ ಶೈಲಿ ಸೂಕ್ತವಲ್ಲ. ಕೆಲವೇ ಪದಗಳ ದೊಡ್ಡ ಬರಹದಲ್ಲಿ ಇದು ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ. ಮೃದುವೂ ಸ್ನೇಹಪೂರ್ಣವೂ ಆದ ಇದರ ರೂಪವು ಗಂಭೀರ ವಿಷಯಗಳ ಬರಹಕ್ಕೆ ಹೊಂದುವುದು ಅಪರೂಪ. ಇದು ಲ್ಯಾಟಿನ್ ಲಿಪಿಯ ಫಾಂಟ್ ಆಗಿರುವುದರಿಂದ ಗಣಕದಲ್ಲಿ ಇದನ್ನು ಆಯ್ದು ಯೂನಿಕೋಡ್ ಕನ್ನಡದಲ್ಲಿ ಬರೆದರೆ, ಆ ಅಕ್ಷರಗಳು ಸಾಮಾನ್ಯವಾಗಿ ಗಣಕದಲ್ಲಿರುವ ಬೇರೊಂದು ಕನ್ನಡ ಫಾಂಟಿನಲ್ಲಿ ಮೂಡುತ್ತವೆ.