ದಿನಕ್ಕೆ ನಾಲ್ಕು ಅಧ್ಯಾಯ

ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಒಟ್ಟು 1,189 ಅಧ್ಯಾಯಗಳಿವೆ: ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ವರ್ಷದೊಳಗೆ ಓದಿ ಮುಗಿಸಬೇಕೆಂದರೆ ದಿನಕ್ಕೆ ಮೂರು ಅಧ್ಯಾಯ, ವಾರಕ್ಕೆರಡು ದಿನ ನಾಲ್ಕು. ಲೆಕ್ಕವೇನೋ ಸುಲಭ. ಆದರೆ ಹೊಸ ವರ್ಷದ ದಿನ ಮೊದಲ ಪುಟದಿಂದ ಹೊರಟವರು ಜನವರಿ ಮುಗಿಯುವಷ್ಟರಲ್ಲಿ ಆದಿಕಾಂಡ, ವಿಮೋಚನಕಾಂಡಗಳನ್ನು ದಾಟಿ ಯಾಜಕಕಾಂಡದ ಬಾಗಿಲಿಗೆ ಬಂದಿರುತ್ತಾರೆ. ಬಲಿಪಶುವಿನ ಕೊಬ್ಬನ್ನು ಏನು ಮಾಡಬೇಕು, ಚರ್ಮದ ಮೇಲಿನ ಮಚ್ಚೆಯನ್ನು ಯಾಜಕ ಹೇಗೆ ಪರೀಕ್ಷಿಸಬೇಕು, ಮನೆಯ ಗೋಡೆಗೆ ಬೂಷ್ಟು ಹತ್ತಿದರೆ ದಾರಿಯೇನು, ಎಲ್ಲವೂ ಅಲ್ಲಿದೆ. ಸಂಕಲ್ಪ ಸಾಮಾನ್ಯವಾಗಿ ಮುರಿಯುವುದೂ ಅಲ್ಲೇ. (ಮೋಶೆಯ ಐದು ಪುಸ್ತಕಗಳಿಗೆ ಕನ್ನಡದ ಅನುವಾದಕರು ರಾಮಾಯಣದ ಓದುಗರಿಗೆ ಪರಿಚಿತವಾದ ‘ಕಾಂಡ’ವನ್ನೇ ಅಂಟಿಸಿದ್ದು ಸೊಗಸಾದ ಆಯ್ಕೆ. ಆದರೆ ಯಾಜಕಕಾಂಡದಲ್ಲಿ ಸುಂದರಕಾಂಡವನ್ನು ಹುಡುಕಿದವರಿಗೆ ನಿರಾಸೆ ಖಂಡಿತ.)

ಏನನ್ನು, ಯಾವ ಕ್ರಮದಲ್ಲಿ, ಎಷ್ಟೆಷ್ಟು ಓದಬೇಕು ಎಂಬ ಪ್ರಶ್ನೆ ಹಳೆಯದು. ಆರನೇ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದ ಸನ್ಯಾಸಿಗಳಿಗೆ 150 ಕೀರ್ತನೆಗಳನ್ನು ವಾರದ ಏಳು ದಿನಗಳಿಗೆ ಹಂಚಿಕೊಟ್ಟ. ಹಂಚಿದ ಮೇಲೆ ಒಂದು ರಿಯಾಯಿತಿಯನ್ನೂ ಸೇರಿಸಿದ: ಈ ಹಂಚಿಕೆ ಹಿಡಿಸದವರು ಬೇರೆ ಕ್ರಮ ಮಾಡಿಕೊಳ್ಳಲಿ, ಆದರೆ ವಾರದಲ್ಲಿ ಎಲ್ಲ ಕೀರ್ತನೆಗಳೂ ಆಗಲೇಬೇಕು. ಹಿಂದಿನವರು ಒಂದೇ ದಿನದಲ್ಲಿ ಮುಗಿಸುತ್ತಿದ್ದುದನ್ನು ನಾವು ವಾರಕ್ಕಾದರೂ ಮುಗಿಸೋಣ ಎಂಬುದು ಅವನ ವಾದ, ಅದರಲ್ಲಿ ಸಣ್ಣ ಚುಚ್ಚೂ ಇದೆ.

ಇಂಗ್ಲೆಂಡಿನಲ್ಲಿ ಈ ಶಿಸ್ತನ್ನು ಮಠದಿಂದ ಊರಿನ ಚರ್ಚಿಗೆ ತಂದವನು ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್. 1549ರ ಪ್ರಾರ್ಥನಾ ಪುಸ್ತಕದ ಮುನ್ನುಡಿಯಲ್ಲಿ ಅವನು ತೋಡಿಕೊಂಡ ಅಳಲು ಇಂದಿಗೂ ನಗು ತರಿಸುತ್ತದೆ. ಹಳೆಯ ಪದ್ಧತಿಯಲ್ಲಿ ಒಂದೊಂದು ಪುಸ್ತಕವನ್ನೂ ಶುರು ಮಾಡುತ್ತಿದ್ದರೇ ಹೊರತು ಮುಗಿಸುತ್ತಿರಲಿಲ್ಲ; ಓದುವುದಕ್ಕಿಂತ ಇವತ್ತು ಓದಬೇಕಾದದ್ದು ಎಲ್ಲಿದೆ ಎಂದು ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅವನ ಹೊಸ ಪಟ್ಟಿಯಲ್ಲಿ ಹಳೆಯ ಒಡಂಬಡಿಕೆ ವರ್ಷಕ್ಕೊಮ್ಮೆ, ಹೊಸದು ಮೂರು ಸಲ, ಕೀರ್ತನೆಗಳು ತಿಂಗಳಿಗೊಮ್ಮೆ. ಯಾಜಕಕಾಂಡದ ಸಮಸ್ಯೆಯನ್ನು ಮಾತ್ರ ಅವನು ಕತ್ತರಿಯಿಂದ ಬಗೆಹರಿಸಿದ. ಅದರ ಬಹುಪಾಲು ಬಿಟ್ಟ, ಪೂರ್ವಕಾಲವೃತ್ತಾಂತದ ಎರಡು ಪುಸ್ತಕಗಳನ್ನು ಪೂರ್ತಿಯಾಗಿ ಬಿಟ್ಟ. ಜನರಿಗೆ ಅಷ್ಟಾಗಿ ಪ್ರಯೋಜನವಿಲ್ಲದ ಭಾಗಗಳು ಎಂಬುದು ಅವನ ಸಮಜಾಯಿಷಿ.

ಮೂರು ಶತಮಾನಗಳ ನಂತರ ಸ್ಕಾಟ್ಲೆಂಡಿನ ಒಬ್ಬ ಯುವ ಸಭಾಪಾಲಕ ಏನನ್ನೂ ಬಿಡದೆ ಓದುವ ದಾರಿ ಹುಡುಕಿದ.

ರಾಬರ್ಟ್ ಮರಿ ಮೆಕ್‌ಶೇನ್ ಹುಟ್ಟಿದ್ದು 1813ರಲ್ಲಿ, ಎಡಿನ್‌ಬರೋದಲ್ಲಿ. 23ನೇ ವಯಸ್ಸಿಗೆ ಡಂಡೀಯ ಸೇಂಟ್ ಪೀಟರ್ಸ್ ಚರ್ಚಿಗೆ ಬಂದ. ಡಂಡೀ ನಾರುಬಟ್ಟೆಯ ಗಿರಣಿಗಳ ಊರು. ಬಂಗಾಳದ ಸೆಣಬು ಹೋಗಿ ಸೇರುತ್ತಿದ್ದುದೂ ಅಲ್ಲಿಗೇ. ಮೆಕ್‌ಶೇನನ ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಚಿಕಿತ್ಸೆಗೆಂದು ಊರು ಬಿಟ್ಟ, 1839ರಲ್ಲಿ ಪ್ಯಾಲೆಸ್ಟೈನಿಗೂ ಹೋಗಿಬಂದ. ಸಭೆಯಿಂದ ದೂರವಿದ್ದಾಗಲೆಲ್ಲ ಪತ್ರ ಬರೆಯುತ್ತಿದ್ದ. ದೂರವಿದ್ದೂ ಒಂದೇ ಪುಟದ ಮೇಲಿರುವುದು ಹೇಗೆ ಎಂಬ ಯೋಚನೆ ಅವನಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

1842ರ ಡಿಸೆಂಬರ್ 30ರಂದು ಅವನು ತನ್ನ ಸಭೆಗೆ ಒಂದು ಪತ್ರದ ಜೊತೆ ವರ್ಷದ ಓದಿನ ಪಟ್ಟಿ ಕೊಟ್ಟ. ದಿನಕ್ಕೆ ನಾಲ್ಕು ಅಂಕಣ: ಎರಡು ಮನೆಮಂದಿಯೆಲ್ಲ ಕೂತು ಓದಲು, ಎರಡು ಒಬ್ಬೊಬ್ಬರೇ ಏಕಾಂತದಲ್ಲಿ ಓದಲು. ಜನವರಿ ಒಂದರಂದು ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು, ನಾಲ್ಕರ ಮೊದಲ ಅಧ್ಯಾಯವೂ ಒಟ್ಟಿಗೆ. ವರ್ಷದ ಕೊನೆಗೆ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡೆರಡು ಸಲ ಆಗಿರುತ್ತವೆ. ಕೂಡಿಸಿದರೆ ಸುಮಾರು 1,600 ಅಧ್ಯಾಯ, ಕಡಿಮೆಯೇನಲ್ಲ. ಆದರೆ ಯಾಜಕಕಾಂಡ ಇಲ್ಲಿ ಬರುವುದು ಮಾರ್ಚ್ ಕೊನೆಗೆ. ಅದೂ ದಿನಕ್ಕೆ ಹೆಚ್ಚುಕಡಿಮೆ ಒಂದೇ ಅಧ್ಯಾಯದಂತೆ, ಪಕ್ಕದಲ್ಲಿ ಸುವಾರ್ತೆಯನ್ನೋ ಕೀರ್ತನೆಯನ್ನೋ ಇಟ್ಟುಕೊಂಡು. ಕ್ರ್ಯಾನ್ಮರ್ ಕತ್ತರಿಸಿದ್ದನ್ನು ಈತ ತೆಳುವಾಗಿ ಹರಡಿದ.

ಪಟ್ಟಿಗಿಂತ ಅದರೊಡನಿದ್ದ ಪತ್ರವೇ ಹೆಚ್ಚು ಕುತೂಹಲದ್ದು. ತನ್ನದೇ ಯೋಜನೆಯ ಲಾಭಗಳನ್ನು ಹೇಳುವ ಮೊದಲು ಮೆಕ್‌ಶೇನ್ ಅದರ ಅಪಾಯಗಳನ್ನು ಪಟ್ಟಿ ಮಾಡುತ್ತಾನೆ. ಓದು ಬರೀ ಶಾಸ್ತ್ರಕ್ಕೆ ಮಾಡಿದಂತಾಗಬಹುದು. ಇವತ್ತಿನ ಪಾಲು ಮುಗಿಯಿತೆಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಒಣಜಂಭ ಬರಬಹುದು. ಕಣ್ಣು ಓಡಿ ಮನಸ್ಸು ಎಲ್ಲೋ ಇರಬಹುದು. ಕೆಲವರಿಗೆ ಇದು ಹೊರಲಾರದ ನೊಗವಾಗಬಹುದು. ಅಂಥವರು ಈ ಸಂಕೋಲೆಯನ್ನು ಕಳಚಿಟ್ಟು ಇಷ್ಟ ಬಂದಲ್ಲಿ ಓದಿಕೊಳ್ಳಲಿ ಎನ್ನುತ್ತಾನೆ. ಬಾಕಿ ಬಿದ್ದ ದಿನಗಳನ್ನು ಕೆಂಪು ಅಂಕಿಯಲ್ಲಿ ತೋರಿಸುವ ಇಂದಿನ ಫೋನಿನ ಆ್ಯಪ್‌ಗಳಿಗೆ ಈ ಉದಾರತೆ ಇನ್ನೂ ಬಂದಿಲ್ಲ.

ಲಾಭಗಳಲ್ಲಿ ಕೆಲವು ತೀರಾ ವ್ಯಾವಹಾರಿಕ. ಯಾವುದನ್ನು ಓದಲಿ ಎಂದು ಯೋಚಿಸುತ್ತಾ ಹೊತ್ತು ಹಾಳಾಗುವುದಿಲ್ಲ. ಸಭೆ ಹುಲ್ಲುಗಾವಲಿನ ಯಾವ ಭಾಗದಲ್ಲಿ ಮೇಯುತ್ತಿದೆ ಎಂಬುದು ಕುರುಬನಿಗೆ ಗೊತ್ತಿರುತ್ತದೆ. ಮನೆಯ ಯಜಮಾನ ಮೊದಲೇ ಅಧ್ಯಾಯ ಓದಿ, ಎರಡು ಮೂರು ವಚನಗಳಿಗೆ ಗುರುತು ಹಾಕಿಕೊಂಡು, ಮನೆಯವರಿಗೆ ಸರಳ ಪ್ರಶ್ನೆ ಕೇಳಬೇಕು. ಬೀದಿಯಲ್ಲಿ ಪರಿಚಿತರು ಸಿಕ್ಕಿದರೆ ಬೆಳಿಗ್ಗೆ ಓದಿದ ಅಧ್ಯಾಯದ ಮಾತು ತೆಗೆಯಬಹುದು. ಬೇರೆ ಊರುಗಳಲ್ಲಿದ್ದು ಅದೇ ಭಾಗ ಓದುತ್ತಿರುವವರ ನೆನಪೂ ಆಗುತ್ತದೆ. ಯಾವ ಪಟ್ಟಿ ಆರಿಸಲಿ ಎಂದು ಈಗ ಒಬ್ಬರೇ ಕೂತು ಯೋಚಿಸುವವರು ಮರೆಯುವ ಸಂಗತಿ ಇದೇ: ಮೆಕ್‌ಶೇನ್ ಬರೆದದ್ದು ಒಂದು ಊರು ಒಟ್ಟಾಗಿ ಓದಲಿ ಎಂದು.

ಆ ಚಳಿಗಾಲ ಡಂಡೀಯಲ್ಲಿ ಟೈಫಸ್ ಜ್ವರ ಹಬ್ಬಿತ್ತು. ಕಾಯಿಲೆ ಬಿದ್ದವರ ಮನೆಗಳಿಗೆ ಹೋಗಿಬರುತ್ತಿದ್ದ ಸಭಾಪಾಲಕನಿಗೂ ತಗಲಿತು. 1843ರ ಮಾರ್ಚ್ 25ರಂದು ತೀರಿಕೊಂಡಾಗ ಅವನಿಗಿನ್ನೂ 29 ವರ್ಷ. ಪಟ್ಟಿಯಲ್ಲಿ ವಿಮೋಚನಕಾಂಡ ಮುಗಿದಿರಲಿಲ್ಲ. ಗೆಳೆಯ ಆ್ಯಂಡ್ರೂ ಬೋನರ್ 1844ರಲ್ಲಿ ಅವನ ಜೀವನಚರಿತ್ರೆ ಬರೆದು ಪತ್ರಗಳು, ಪ್ರವಚನಗಳ ಜೊತೆ ಪ್ರಕಟಿಸಿದ. ಆ ಪುಸ್ತಕ ಬಹಳ ಓಡಿತು, ಪಟ್ಟಿಯೂ ಡಂಡೀ ದಾಟಿತು. 1998ರಲ್ಲಿ ಅದನ್ನೇ ಆಧರಿಸಿ ದಿನಕ್ಕೊಂದು ಟಿಪ್ಪಣಿಯ ಪುಸ್ತಕ ತಂದ ಡಿ. ಎ. ಕಾರ್ಸನ್, ನಾಲ್ಕು ಅಧ್ಯಾಯ ಭಾರವೆನಿಸಿದವರು ಮೊದಲ ವರ್ಷ ಎರಡು ಅಂಕಣ, ಮರುವರ್ಷ ಉಳಿದೆರಡನ್ನು ಓದಿಕೊಳ್ಳಬಹುದು ಎಂದು ಸೂಚಿಸಿದರು.